ತಮಟೆ ರಕ್ತದಲ್ಲಿ ಬರೋದಿಲ್ಲ ಸಾರ್

ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ. ಒಂದು ವಾರದಿಂದ ತಲೆಯಲ್ಲಿ ಕೊರೀತಾ ಇರೋದನ್ನ ಇಲ್ಲಿ ಇಳಿಸ್ತಾ ಇದೀನಿ.

ನಮ್ಮ ಆಫೀಸಿನಲ್ಲಿ ಈ ಸಲದ ರಾಜ್ಯೋತ್ಸವಕ್ಕೆ ತಮಟೆ ತಂಡ ಕರೆಸಿದ್ದರು. ಎಂಟು ಜನ ಹುಡುಗರು, ಎಲ್ಲರ ಕೊರಳಲ್ಲೂ ಹಳದಿ-ಕೆಂಪು ಶಾಲು. ಬಾವುಟ ಹಾರಿಸಿ, ಭಾಷಣ ಮುಗಿದು, ಕೇಸರಿಬಾತ್ ಹಂಚೋ ಹೊತ್ತಿಗೆ ಸಾಹೇಬರಿಂದ ಹಿಡಿದು ಡಿ ಗ್ರೂಪ್‌ನವರ ತನಕ ಎಲ್ಲರೂ ಕುಣಿಯೋಕೆ ಶುರು ಮಾಡಿದರು. ನಾನು ಮೆಟ್ಟಿಲ ಹತ್ತಿರ ನಿಂತು ನೋಡ್ತಾ ಇದ್ದೆ. ಆಗ ಹನ್ನೊಂದು ವರ್ಷದಿಂದ ಪಕ್ಕದ ಟೇಬಲ್ಲಿನಲ್ಲಿ ಕೂತು ನನ್ನ ಜೊತೆ ಊಟ ಹಂಚಿಕೊಂಡು ತಿನ್ನೋ ಒಬ್ಬರು, ಒಬ್ಬ ಹುಡುಗನ ಕೈಯಿಂದ ತಮಟೆ ಇಸ್ಕೊಂಡು ಬಂದು ನನ್ನ ಮುಂದೆ ಹಿಡಿದರು. "ಬಾರಿಸಿ ಸಾರ್. ನೀವೇನು ಕಲೀಬೇಕಾ? ನಿಮಗೆ ರಕ್ತದಲ್ಲೇ ಇರುತ್ತಲ್ಲ!"

ಅವರು ಕೆಟ್ಟವರಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಬಂದು ಕೂತಿದ್ದ ಮನುಷ್ಯ. ಅವತ್ತು ಆ ಮಾತನ್ನ ಅವರು ಹೊಗಳಿಕೆ ಅಂತಲೇ ಹೇಳಿದ್ದು. ನಾನು ನಕ್ಕು, "ಕೈ ಎಣ್ಣೆ ಆಗಿದೆ" ಅಂತ ಹೇಳಿ ಒಳಗೆ ಹೋಗಿ ಕೂತೆ. ಇಪ್ಪತ್ತೈದು ವರ್ಷ ಸಂಘಟನೆಯಲ್ಲಿದ್ದು, ಮೈಕು ಸಿಕ್ಕರೆ ಅರ್ಧ ಗಂಟೆ ಮಾತಾಡೋ ನನಗೆ ಆ ಹೊತ್ತಿನಲ್ಲಿ ಒಂದು ಉತ್ತರ ಹೊಳೀಲಿಲ್ಲ. ಆ ಉತ್ತರವನ್ನ ಈಗ ಬರೀತಾ ಇದೀನಿ.

ನಮ್ಮಪ್ಪ ತಮಟೆ ಬಾರಿಸ್ತಿದ್ದರು. ಕೋಲಾರದ ಕಡೆಯ ಒಂದು ಹಳ್ಳಿ ನಮ್ಮದು, ಮಾದಿಗರ ಹಟ್ಟಿ. ಸುತ್ತ ಏಳೆಂಟು ಊರುಗಳಲ್ಲಿ ಅಪ್ಪನ ಏಟು ಅಂದರೆ ದೂರದಿಂದಲೇ ಗುರುತು ಹಿಡೀತಿದ್ದರು. ಅದು ರಕ್ತದಲ್ಲಿ ಬಂದಿದ್ದಾಗಿದ್ದರೆ ನಮ್ಮ ಚಿಕ್ಕಪ್ಪನಿಗೂ ಬರಬೇಕಿತ್ತಲ್ಲ? ಅದೇ ತಾಯಿ, ಅದೇ ತಂದೆ. ನಮ್ಮ ಚಿಕ್ಕಪ್ಪನ ಕೈಗೆ ತಮಟೆ ಕೊಟ್ಟರೆ ನಾಯಿ ಓಡಿಸೋ ಹಾಗೆ ಬಡೀತಿದ್ದ. "ಇವನ್ನ ಯಾರೂ ಸಾವಿಗೂ ಕರೀಬೇಡ್ರಪ್ಪ, ಹೆಣ ಎದ್ದು ಕೂತ್ಕೊಂಬುಡ್ತದೆ" ಅಂತ ಅಪ್ಪ ನಗ್ತಿದ್ದರು. ಅಪ್ಪ ಕಲಿತದ್ದು ಪಕ್ಕದೂರಿನ ಒಬ್ಬ ಮುದುಕರ ಹತ್ತಿರ. ಅವರ ಮೇಕೆ ಕಾಯ್ತಾ, ಏಟು ತಪ್ಪಿದಾಗೆಲ್ಲ ಮೊಣಕೈ ಗಂಟಿಗೆ ಕೋಲಿನ ಪೆಟ್ಟು ತಿಂತಾ, ನಾಲ್ಕು ವರ್ಷ ಕಲಿತರಂತೆ.

ನನಗೆ ಕಲಿಸೋಕೆ ಶುರು ಮಾಡಿದ್ದು ತಮಟೆ ಮೇಲಲ್ಲ, ಊಟದ ತಟ್ಟೆ ಮೇಲೆ. ಮುದ್ದೆ ಉಂಡು ತಟ್ಟೆ ತೊಳೆದು ಬೋರಲು ಹಾಕಿ, ಬಲಗೈಗೆ ಗಿಡ್ಡ ದಪ್ಪ ಕೋಲು, ಎಡಗೈಗೆ ಉದ್ದನೆ ಸಣ್ಣ ಕಡ್ಡಿ ಕೊಡ್ತಿದ್ದರು. "ದಪ್ಪ ಕೋಲು ಮಾತಾಡ್ತದೆ, ಸಣ್ಣ ಕಡ್ಡಿ ಹ್ಞೂಂ ಅಂತದೆ. ಹ್ಞೂಂ ಅನ್ನೋನು ಇಲ್ದಿದ್ರೆ ಕತೆ ಹೇಳೋನಿಗೆ ಏನ್ ಬೆಲೆ?" ಅಂತಿದ್ದರು. ನನ್ನ ಎಡಗೈ ಯಾವತ್ತೂ ಹ್ಞೂಂ ಅನ್ನಲಿಲ್ಲ. ಮೂರೇಟಿನ ಆಚೆಗೆ ನಾನು ದಾಟಲೇ ಇಲ್ಲ. ನಾನು ಅಪ್ಪನ ಒಬ್ಬನೇ ಮಗ. ರಕ್ತದ ಕತೆ ನನ್ನಲ್ಲೇ ಸುಳ್ಳಾಗಿದೆ.

ಆದರೆ ಕೈಗೆ ಬರದಿದ್ದದ್ದು ಕಿವಿಗೆ ಬಂತು. ಮನೇಲಿ ಒಂದು ರೇಡಿಯೊ ಇತ್ತು, ಹಿಂದುಗಡೆ ಮುಚ್ಚಳ ಹೋಗಿ ರಬ್ಬರ್ ಬ್ಯಾಂಡ್ ಹಾಕಿದ್ದು. ಚಿತ್ರಗೀತೆ ಬಂದರೆ ಎಲ್ಲರೂ ಹಾಡಿನ ಮಾತು ಕೇಳಿದರೆ ಅಪ್ಪ ಮಾತು ಕೇಳ್ತಾನೇ ಇರಲಿಲ್ಲ. "ಹಾಡೋರನ್ನ ಬಿಡು, ಹಿಂದುಗಡೆ ಯಾರೋ ಕೂತವ್ನಲ್ಲ, ಅವನು ಏನ್ ಮಾಡ್ತವ್ನೆ ಕೇಳು" ಅಂತಿದ್ದರು. ಶಂಕರ್ ನಾಗ್ ಅವರ 'ಗೀತಾ' ಸಿನಿಮಾದ ಹಾಡು ಬಂದರೆ ಮಾತ್ರ ಮನೆಯವರೆಲ್ಲ ಸುಮ್ಮನಿರಬೇಕು. ಅದು 1981ರ ಚಿತ್ರ, ನಾನು ಆಗ ಎರಡು ವರ್ಷದ ಕೂಸು. ಆದರೆ ಆ ಹಾಡುಗಳು ಮುಂದೆ ಹತ್ತು ವರ್ಷ ರೇಡಿಯೊದಲ್ಲಿ ಬರ್ತಾನೇ ಇದ್ದವು. ಅಪ್ಪ ಕೂತಲ್ಲೇ ತೊಡೆ ಮೇಲೆ ಬೆರಳಲ್ಲಿ ಅದರ ಲೆಕ್ಕ ಹಿಡೀತಿದ್ದರು. "ಇವನ್ಯಾರೋ ನಮ್ಮೋನು ಕಣೋ" ಅಂದಿದ್ದರು ಒಂದ್ಸಲ. ಸಂಗೀತ ಇಳಯರಾಜ ಅವರದು ಅಂತಲೂ ಅಪ್ಪನಿಗೆ ಗೊತ್ತಿರಲಿಲ್ಲ. ಪಣ್ಣೈಪುರಂ ಅನ್ನೋ ಹಳ್ಳಿಯ ದಲಿತ ಮನೆಯಲ್ಲಿ ಹುಟ್ಟಿ, ಅಣ್ಣ ಪಾವಲರ್ ವರದರಾಜನ್ ಜೊತೆ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡ್ಕೊಂಡು ಊರೂರು ತಿರುಗಿದವರು ಅವರು ಅಂತ ನಾನು ಓದಿದ್ದು ಕಾಲೇಜಿಗೆ ಬಂದ ಮೇಲೆ. ಓದಿದ ದಿನ ಅಪ್ಪನ ಆ ಮಾತು ನೆನಪಾಗಿ ಲೈಬ್ರರಿಯಲ್ಲಿ ಒಬ್ಬನೇ ನಕ್ಕಿದ್ದೆ.

ಇವತ್ತಿಗೂ ನಾನು ಯಾವ ಹಾಡು ಕೇಳಿದರೂ ಮೊದಲು ಹಿಂದುಗಡೆ ಕೂತವನನ್ನ ಹುಡುಕ್ತೀನಿ. ಅದು ಅಪ್ಪ ಕಲಿಸಿದ್ದು.

ಇನ್ನೊಂದು ಕಡೆಯನ್ನೂ ಹೇಳಬೇಕು. ಇಲ್ಲದಿದ್ದರೆ ಇದು ಬರೀ ಚೆಂದದ ನೆನಪಾಗಿಬಿಡುತ್ತೆ.

ಊರಲ್ಲಿ ಯಾರು ಸತ್ತರೂ ಅಪ್ಪ ಹೋಗಲೇಬೇಕಿತ್ತು. ಜ್ವರ ಇರಲಿ, ಹೊಲದಲ್ಲಿ ಕೆಲಸ ಇರಲಿ, ಯಾರೋ ಒಬ್ಬ ಹುಡುಗ ಹಟ್ಟಿ ಹೊರಗೇ ನಿಂತು ಅಪ್ಪನ ಹೆಸರನ್ನ ಅರ್ಧ ಮಾಡಿ ಕೂಗಿದರೆ ಸಾಕು. ಬೆಳಗಿನಿಂದ ಹೆಣ ಎತ್ತೋ ತನಕ ಬೀದಿಯಲ್ಲಿ ನಿಂತು ಬಾರಿಸಬೇಕು. ಒಣಹುಲ್ಲು ಹೊತ್ತಿಸಿ ತಮಟೆ ಕಾಯಿಸೋದು, ಬಾರಿಸೋದು, ಚರ್ಮ ಸಡಿಲಾದರೆ ಮತ್ತೆ ಕಾಯಿಸೋದು. ಅದಕ್ಕೆ ಸಿಗ್ತಿದ್ದದ್ದು ಒಂದಿಷ್ಟು ರಾಗಿ, ಒಂದು ಲೋಟ ಸಾರಾಯಿ. ಆ ಸಾರಾಯಿ ಬಗ್ಗೆ ಯಾರೂ ಬರೆಯೋದಿಲ್ಲ. ಕಾಸು ಕೊಡೋದಕ್ಕಿಂತ ಕುಡಿಸೋದು ಅಗ್ಗ, ಕುಡಿದವನು ಕೂಲಿ ಕೇಳೋದಿಲ್ಲ. ನಮ್ಮ ಹಟ್ಟಿಯ ಎಷ್ಟೋ ಗಂಡಸರು ಹಾಗೇ ಹೋದರು.

ಜಾತ್ರೆ ಬಂದರೆ ದೇವರ ಮುಂದೆ ನಮ್ಮ ತಮಟೆ. ತಮಟೆ ಇಲ್ಲದೆ ದೇವರು ಹೊರಗೆ ಬರೋದಿಲ್ಲ. ಆದರೆ ದೇವರು ಒಳಗೆ ಹೋಗುವಾಗ ತಮಟೆಯವರು ಅರಳಿಕಟ್ಟೆ ಹತ್ತಿರ ನಿಂತುಬಿಡಬೇಕು. ನಾನು ಏಳು ವರ್ಷದವನಿದ್ದಾಗ ಗೊತ್ತಿಲ್ಲದೆ ಮೆಟ್ಟಿಲು ಹತ್ತಿಬಿಟ್ಟೆ. ಅವತ್ತು ನನ್ನ ಕೆನ್ನೆಗೆ ಬಾರಿಸಿದವರು ಊರಿನವರಲ್ಲ, ನಮ್ಮಪ್ಪ. ಅವರು ಹೊಡೆಯೋ ಮೊದಲು ತಾನೇ ಹೊಡೆದುಬಿಟ್ಟರೆ ಪೆಟ್ಟು ಕಮ್ಮಿ ಆಗುತ್ತೆ ಅಂತ. ಅದು ಅರ್ಥವಾಗೋಕೆ ನಾನೂ ಒಬ್ಬ ಅಪ್ಪ ಆಗಬೇಕಾಯಿತು.

1991, ಬಾಬಾಸಾಹೇಬರ ಜನ್ಮಶತಮಾನೋತ್ಸವದ ವರ್ಷ. ದಲಿತ ಸಂಘರ್ಷ ಸಮಿತಿಯವರು ನಮ್ಮ ಹಟ್ಟಿಗೆ ಬಂದರು. ಕರೆಂಟು ಹೋಗಿತ್ತು. ಲಾಟೀನು ಬೆಳಕಲ್ಲಿ ಹಾಡಿದರು. ಸಿದ್ಧಲಿಂಗಯ್ಯನವರ ಹಾಡುಗಳು, ಕೋಟಿಗಾನಹಳ್ಳಿ ರಾಮಯ್ಯನವರ ಹಾಡುಗಳು. 'ಹೊಲೆಮಾದಿಗರ ಹಾಡು' 1975ರಲ್ಲೇ ಪುಸ್ತಕವಾಗಿ ಬಂದಿತ್ತು. ನಮ್ಮ ಹಟ್ಟಿಗೆ ಅದು ಪುಸ್ತಕವಾಗಿ ಬರಲಿಲ್ಲ, ಬಾಯಿಂದ ಬಾಯಿಗೆ ಬಂತು. ಅವರ ಜೊತೆ ಬಂದಿದ್ದ ಹುಡುಗನಿಗೆ ತಾಳ ಸರಿಯಾಗಿ ಸಿಗ್ತಾ ಇರಲಿಲ್ಲ. ಅಪ್ಪ ಹಿಂದೆ ಕೂತು ಚಡಪಡಿಸ್ತಾ ಇದ್ದರು. ಕೊನೆಗೆ ತಡೆಯೋಕೆ ಆಗದೆ ಮನೆಯಿಂದ ತಮಟೆ ತಂದು, ಕಾಯಿಸಿ, ಸೇರಿಕೊಂಡರು. ಹಾಡು ಎದ್ದು ನಿಂತುಬಿಟ್ಟಿತು.

ಮುಗಿದ ಮೇಲೆ ಬಂದಿದ್ದ ಮುಖಂಡರೊಬ್ಬರು ಅಪ್ಪನ ಪೂರ್ತಿ ಹೆಸರು ಕೇಳಿ, ಹೆಸರಿನ ಮುಂದೆ 'ಅವರು' ಸೇರಿಸಿ, "ಇವರು ಕಲಾವಿದರು" ಅಂತ ಎಲ್ಲರಿಗೂ ಹೇಳಿ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ಅಪ್ಪ ಬೆಂಚಿನ ತುದಿಯಲ್ಲಿ, ಅರ್ಧ ಮಾತ್ರ ಕೂತಿದ್ದರು.

ಅದೇ ರಾತ್ರಿ ತೀರ್ಮಾನ ಆಯಿತು. ಇನ್ನು ಊರಿನ ಸಾವಿಗೆ, ಜಾತ್ರೆಗೆ ಬಿಟ್ಟಿ ತಮಟೆ ಇಲ್ಲ. ಮುಂದಿನ ತಿಂಗಳು ಊರಿನ ದೊಡ್ಡವರೊಬ್ಬರು ಸತ್ತರು. ಹುಡುಗ ಬಂದು ಕೂಗಿದ. ಅಪ್ಪ ಹೋಗಲಿಲ್ಲ. ಮೂರನೇ ದಿನದಿಂದ ಅಂಗಡಿಯಲ್ಲಿ ಸಾಮಾನು ಬಂದ್, ಹೊಲದಲ್ಲಿ ಕೂಲಿ ಬಂದ್. ಅಪ್ಪ ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಗೆ ಹಮಾಲಿ ಕೆಲಸಕ್ಕೆ ಹೋಗೋಕೆ ಶುರು ಮಾಡಿದರು. ಬೆಳಗಿನ ಜಾವದ ಬಸ್ಸು, ಬೆನ್ನ ಮೇಲೆ ಬಾಕ್ಸು. ತಮಟೆ ಮನೆ ಗೋಡೆಯ ಮೊಳೆಗೆ ಹೋಯಿತು.

ನಾನು ಬೆಳೆದೆ. ಕಾಲೇಜು ಸೇರಿ ಸಂಘಟನೆಯ ಹುಡುಗನಾದೆ. ಆ ವಯಸ್ಸಿನಲ್ಲಿ ನನಗೆ ಎಲ್ಲದಕ್ಕೂ ಉತ್ತರ ಗೊತ್ತಿತ್ತು. ಒಂದು ದಿನ ಅಪ್ಪನಿಗೆ ಹೇಳಿದೆ, "ಇದು ಗುಲಾಮಗಿರಿ ಗುರುತು. ಗೋಡೆ ಮೇಲೆ ಯಾಕೆ ನೇತಾಕಿದ್ದೀಯ? ಸುಟ್ಟಾಕು." ಅಪ್ಪ ಬೀಡಿ ಹಚ್ಚಿ, ತುಂಬಾ ಹೊತ್ತು ಬಿಟ್ಟು ಹೇಳಿದರು, "ಬಿಟ್ಟಿ ಅವರದು, ನಾನು ಬಿಟ್ಟೆ. ಏಟು ನಂದು. ಅದನ್ಯಾಕೆ ಸುಡ್ಲಿ?" ನನಗೆ ಆಗ ಆ ಮಾತು ಹಳೇಕಾಲದವರ ಮೊಂಡುತನ ಅನ್ನಿಸಿತು. ಆಫೀಸಿನ ಕೆಲಸಕ್ಕೆ ಸೇರಿದ ಮೇಲೂ ಬಹಳ ಕಾಲ "ತಂದೆ ಏನ್ ಮಾಡ್ಕೊಂಡಿದ್ರು?" ಅಂತ ಕೇಳಿದರೆ "ಮಂಡಿಯಲ್ಲಿದ್ರು" ಅಂತ ಮಾತ್ರ ಹೇಳ್ತಿದ್ದೆ. ನಾಚಿಕೆಯಿಂದ ಹೇಳ್ತಾ ಇದ್ದೆ. ಅದಕ್ಕೆ ಸ್ವಾಭಿಮಾನ ಅಂತ ಹೆಸರಿಟ್ಟುಕೊಂಡಿದ್ದೆ, ಅಷ್ಟೇ.

2000ದ ಮಾರ್ಚ್ 11. ಕಂಬಾಲಪಲ್ಲಿ. ಆಗ ಅದು ನಮ್ಮ ಕೋಲಾರ ಜಿಲ್ಲೆಯೇ. ಏಳು ಜನ ನಮ್ಮವರನ್ನ ಜೀವಂತ ಸುಟ್ಟರು. ಆ ವಾರದ ಮೆರವಣಿಗೆಗೆ ನಾವು ಹುಡುಗರು ಬ್ಯಾನರು ಹಿಡ್ಕೊಂಡು ನಿಂತಿದ್ದಾಗ, ಮಂಡಿ ಕಡೆಯಿಂದ ಅಪ್ಪ ಬಂದರು. ಕಂಕುಳಲ್ಲಿ ಗೋಣಿಚೀಲ. ಚೀಲದಿಂದ ತಮಟೆ ತೆಗೆದು, ರಸ್ತೆ ಪಕ್ಕ ಬಿದ್ದಿದ್ದ ಪೇಪರು, ಹುಲ್ಲು ಗುಡ್ಡೆ ಹಾಕಿ ಕಾಯಿಸಿ, ಮುಂದೆ ಹೋಗಿ ನಿಂತರು. ಒಂಬತ್ತು ವರ್ಷ ಆಗಿತ್ತು ಮುಟ್ಟಿ. ಅವತ್ತು ಬಾರಿಸಿದ್ದು ಸಾವಿನ ಏಟು. ಊರಿನ ದೊಡ್ಡವರಿಗೆ ಕೊಡೋದಿಲ್ಲ ಅಂತ ಹೇಳಿ ಅನ್ನ ಕಳ್ಕೊಂಡಿದ್ದರಲ್ಲ, ಅದೇ ಏಟು. ಯಾರೂ ಕೂಗಿರಲಿಲ್ಲ, ಯಾರೂ ರಾಗಿ ಕೊಡೋದಿರಲಿಲ್ಲ. ಮೆರವಣಿಗೆ ಮುಗಿಯೋ ತನಕ ನಿಲ್ಲಿಸಲಿಲ್ಲ. ಕೈ ಬೆರಳ ಸಂದಿಯಿಂದ ರಕ್ತ ಸೋರ್ತಾ ಇತ್ತು. ನಾನು "ಸಾಕಪ್ಪ" ಅಂದರೆ, "ಇದು ನಮ್ಮೋರ ಸಾವು ಕಣೋ" ಅಂದರು.

ಆ ಕೇಸಿನಲ್ಲಿ 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೊಂದವರು ಯಾರು ಅಂತ ಇವತ್ತಿಗೂ ಕಾಗದದ ಮೇಲೆ ಇಲ್ಲ. ನನ್ನ ಕಿವಿಯಲ್ಲಿ ಮಾತ್ರ ಆ ದಿನದ ಏಟು ಹಾಗೇ ಇದೆ.

ಈಗ ನಮ್ಮ ನಮ್ಮಲ್ಲೇ ನಡೀತಿರೋ ಜಗಳಕ್ಕೆ ಬರ್ತೀನಿ. ಒಂದು ಕಡೆ, ತಮಟೆ ಮುಟ್ಟಲೇಬಾರದು ಅನ್ನೋ ಗೆಳೆಯರಿದ್ದಾರೆ. ಅವರ ಮಾತಿನಲ್ಲಿ ತೂಕ ಇದೆ. ಸತ್ತ ದನದ ಮಾಂಸ ಬಿಡಿ ಅಂತ 1927ರ ಮಹಾಡ್ ಸಮಾವೇಶದಲ್ಲೇ ಬಾಬಾಸಾಹೇಬರು ಹೇಳಿದರು. ಅವಮಾನ ತರೋ ಕಸುಬನ್ನ ಬಿಟ್ಟು ಹೊರಗೆ ಬಂದವರೇ ಮುಂದೆ ಬಂದಿದ್ದು. ಇನ್ನೊಂದು ಕಡೆ, ತಮಟೆ ನಮ್ಮ ಹೆಮ್ಮೆ, ನಮ್ಮ ಸಂಸ್ಕೃತಿ ಅಂತ ಎದೆ ತಟ್ಟಿಕೊಳ್ಳೋ ಗೆಳೆಯರು. ಅವರಿಗೂ ಕಾರಣ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಎಷ್ಟು ಹಟ್ಟಿಗಳಲ್ಲಿ ಹಬ್ಬ ಆಯಿತು! ತೇರಹಳ್ಳಿ ಬೆಟ್ಟದ ಮೇಲೆ ಆದಿಮದ ಹುಣ್ಣಿಮೆ ಹಾಡಿಗೆ ಅಪ್ಪನನ್ನ ಕರ್ಕೊಂಡು ಹೋದಾಗ, ಬೆಳದಿಂಗಳಲ್ಲಿ ಎಲ್ಲ ಜಾತಿಯ ಹುಡುಗರು, ಹುಡುಗೀರು ಒಟ್ಟಿಗೆ ಕೂತು ಕೇಳೋದನ್ನ ನೋಡಿ ಅಪ್ಪ ಬೆಂಚು ಇಲ್ಲದಿದ್ದರೂ ನೆಲದ ಮೇಲೆ ಪೂರ್ತಿ ಕೂತಿದ್ದರು.

ನನ್ನ ಅಭಿಪ್ರಾಯ ಈ ಎರಡರಲ್ಲಿ ಯಾವುದಕ್ಕೂ ಪೂರ್ತಿ ಸೇರೋದಿಲ್ಲ. ಸುಡಬೇಕಾದದ್ದು ಬಿಟ್ಟಿ. ಉಳಿಸಬೇಕಾದದ್ದು ವಿದ್ಯೆ. ಇವೆರಡನ್ನ ಬೇರೆ ಮಾಡದೆ ಹೋದರೆ ಎರಡು ಕಡೆಯವರೂ ಸೋಲ್ತೀವಿ. ಇವೆರಡನ್ನ ಸೇರಿಸಿ ಗಂಟು ಹಾಕಿರೋ ಹಗ್ಗವೇ ಆ 'ರಕ್ತ' ಅನ್ನೋ ಮಾತು.

ಯಾಕೆ ಅಂತ ನೋಡಿ. ರಕ್ತದಲ್ಲೇ ಇದೆ ಅಂದರೆ ಕಲಿತದ್ದಲ್ಲ ಅಂತಾಯಿತು. ಕಲಿತದ್ದಲ್ಲ ಅಂದರೆ ವಿದ್ಯೆ ಅಲ್ಲ. ವಿದ್ಯೆ ಅಲ್ಲದ ಮೇಲೆ ಗುರು ಇಲ್ಲ, ಸಂಬಳ ಇಲ್ಲ, ಸರ್ಟಿಫಿಕೇಟ್ ಇಲ್ಲ. ಕರೆದಾಗ ಬರಬೇಕು, ಕೊಟ್ಟಷ್ಟು ಇಸ್ಕೋಬೇಕು. ಮೃದಂಗ ನುಡಿಸೋರಿಗೆ ಯಾರಾದರೂ "ನಿಮಗೆ ಹುಟ್ಟಿನಿಂದಲೇ ಬರುತ್ತೆ ಬಿಡಿ, ಕಲೀಬೇಕಾ" ಅಂತಾರಾ? ಇಷ್ಟು ವರ್ಷದ ಸಾಧನೆ, ಇಂಥವರ ಶಿಷ್ಯರು ಅಂತ ಪರಿಚಯ ಮಾಡಿಕೊಡ್ತಾರೆ. ಆ ಮೃದಂಗಕ್ಕೂ ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಬೇಕು. ಅದನ್ನ ಮಾಡೋ ಕೈಗಳ ಬಗ್ಗೆ, ತಮಿಳುನಾಡಿನ ದಲಿತ ಕ್ರೈಸ್ತ ಕುಶಲಕರ್ಮಿಗಳ ಬಗ್ಗೆ, ಟಿ.ಎಂ. ಕೃಷ್ಣ ಅವರು 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆದಾಗ, 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನ ಚೆನ್ನೈನ ಕಲಾಕ್ಷೇತ್ರ ವಾಪಸ್ ತಗೊಂಡಿತು. ಚರ್ಮದ ನಾದ ಬೇಕು, ಚರ್ಮದ ಮಾತು ಬೇಡ.

ಹಾಗಾಗಿ ವೇದಿಕೆ ಮೇಲೆ ತಮಟೆ ನೋಡಿ ಖುಷಿಪಡೋ ಮುಂಚೆ ನಾನು ಕೆಲವು ಪ್ರಶ್ನೆ ಕೇಳ್ಕೋತೀನಿ, ನೀವೂ ಕೇಳಿ. ಬಾರಿಸೋ ಹುಡುಗ ಬೇಡ ಅನ್ನೋಕೆ ಆಗುತ್ತಾ? ಅವನಿಗೆ ಎಷ್ಟು ಕೊಟ್ಟರು? ಆಹ್ವಾನ ಪತ್ರಿಕೆಯಲ್ಲಿ ಅವನ ಹೆಸರಿದೆಯಾ, ಇಲ್ಲಾ 'ತಮಟೆ ವಾದ್ಯದೊಂದಿಗೆ' ಅಂತ ಅಷ್ಟೇ ಇದೆಯಾ? ನಮ್ಮ ಆಫೀಸಿನ ಪತ್ರಿಕೆಯಲ್ಲಿ ಪ್ರಾರ್ಥನೆ ಹಾಡಿದವರ ಹೆಸರಿತ್ತು, ನಿರೂಪಣೆ ಮಾಡಿದವರ ಹೆಸರಿತ್ತು, ಆ ಎಂಟು ಹುಡುಗರ ಹೆಸರಿರಲಿಲ್ಲ. ಅವರು ತಿಂಡಿ ತಿಂದದ್ದು ಎಲ್ಲರದೂ ಮುಗಿದ ಮೇಲೆ, ಜೀಪು ನಿಲ್ಲಿಸೋ ಶೆಡ್ಡಿನಲ್ಲಿ. ನಾನು ಅದನ್ನ ನೋಡಿದೆ. ನೋಡಿ ಸುಮ್ಮನಿದ್ದೆ. ಬೇರೆಯವರ ತಪ್ಪು ಹೇಳುವಾಗ ನನ್ನದನ್ನೂ ಹೇಳಬೇಕಲ್ಲ.

ಊರುಗಳಲ್ಲಿ ಇವತ್ತಿಗೂ ಸಾವಿಗೆ, ಜಾತ್ರೆಗೆ ಒತ್ತಾಯ ನಡೀತಿದ್ದರೆ ಅದು ಸಂಪ್ರದಾಯ ಅಲ್ಲ, ಅಪರಾಧ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 7ಎ ಕಲಂ ನೋಡಿ. ಅಸ್ಪೃಶ್ಯತೆಯ ಕಾರಣಕ್ಕೆ ಸತ್ತ ಪ್ರಾಣಿ ಸಾಗಿಸೋದು, ಚರ್ಮ ಸುಲಿಯೋದು, ಅಂಥದೇ ಇತರ ಕೆಲಸಗಳನ್ನ ಬಲವಂತವಾಗಿ ಮಾಡಿಸಿದರೆ ಶಿಕ್ಷೆ ಇದೆ. ಬೇಡ ಅಂದವರಿಗೆ ಬಹಿಷ್ಕಾರ ಹಾಕಿದರೆ ದೌರ್ಜನ್ಯ ತಡೆ ಕಾಯ್ದೆಯೂ ಇದೆ. 1991ರಲ್ಲಿ ನಮ್ಮ ಹಟ್ಟಿಗೆ ಇದು ಗೊತ್ತಿರಲಿಲ್ಲ. ಈಗ ನಮಗೆ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿದ್ದರೆ ತಪ್ಪು ನಮ್ಮದು.

ಅದರ ಜೊತೆಗೇ ತಮಟೆ ಶಾಲೆಗೆ ಬರಲಿ. ಬರೀ ನಮ್ಮ ಮಕ್ಕಳ ಹಾಸ್ಟೆಲ್ಲಿಗಲ್ಲ, ಎಲ್ಲರ ಮಕ್ಕಳ ಶಾಲೆಗೆ. ಬಲ್ಲವರನ್ನ ಸಂಬಳ ಕೊಟ್ಟು ಮೇಷ್ಟ್ರಾಗಿ ಕೂರಿಸಲಿ. ಗೌಡರ ಮಗ, ಶಾನುಭೋಗರ ಮಗಳು ಅವರ ಮುಂದೆ ಕೂತು ಕೈ ನೋಯಿಸಿಕೊಂಡು ಕಲೀಲಿ. ಎಲ್ಲರೂ ಕಲಿತಾಗಲೇ ಅದು ಒಂದು ಜಾತಿಯ ಚಾಕರಿ ಅಲ್ಲ, ಒಂದು ವಿದ್ಯೆ ಅಂತ ಗೊತ್ತಾಗೋದು. ನಮ್ಮ ಮಕ್ಕಳಲ್ಲಿ ಬೇಡ ಅನ್ನೋವರು ಪಿಟೀಲು ಕಲೀಲಿ, ಗಿಟಾರ್ ಕಲೀಲಿ, ಏನೂ ಕಲೀದೆ ಕ್ರಿಕೆಟ್ ಆಡಲಿ. ಆ ಆಯ್ಕೆಗೇ ತಾನೇ ಅಪ್ಪ ಮಂಡಿಯಲ್ಲಿ ಬಾಕ್ಸು ಹೊತ್ತಿದ್ದು?

ಅಪ್ಪ ಹೋಗಿ ಆರು ವರ್ಷ. ತಮಟೆ ಈಗ ನಮ್ಮ ಬಾಡಿಗೆ ಮನೆಯ ಗೋಡೆ ಮೇಲಿದೆ, ಬಾಬಾಸಾಹೇಬರ ಫೋಟೊ ಪಕ್ಕದಲ್ಲಿ. ಮಳೆಗಾಲದಲ್ಲಿ ಚರ್ಮ ಸಡಿಲಾಗುತ್ತೆ. ಈಗಿನ ಹುಡುಗರು ಪ್ಲಾಸ್ಟಿಕ್ ಹಾಳೆ ಹಾಕಿಸಿಕೊಳ್ತಾರೆ, ಕಾಯಿಸೋ ಕೆಲಸ ಇಲ್ಲ. ನಾನು ಹಾಕಿಸಿಲ್ಲ. ಮಗಳು ಒಂಬತ್ತನೇ ಕ್ಲಾಸು. ರಾಜ್ಯೋತ್ಸವದ ರಾತ್ರಿ ನಾನು ಊಟ ಬಿಟ್ಟು ಕೂತಿದ್ದು ನೋಡಿ ಏನಾಯಿತು ಅಂತ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ ಬರುತ್ತಾ ಅಪ್ಪ?" ಅಂದಳು. "ಮೂರೇಟು ಅಷ್ಟೇ" ಅಂದೆ. ಅವಳೇ ತಟ್ಟೆ ತೊಳೆದು ಬೋರಲು ಹಾಕಿ ತಂದಿಟ್ಟಳು. ಅವಳ ಎಡಗೈ ಎರಡನೇ ದಿನಕ್ಕೇ ಹ್ಞೂಂ ಅನ್ನೋಕೆ ಶುರು ಮಾಡಿದೆ. ನೀವು ರಕ್ತ ಅಂತ ಶುರು ಮಾಡಬೇಡಿ ಮತ್ತೆ! ದಿನಕ್ಕೆ ಒಂದು ಗಂಟೆ ಕೂರ್ತಾಳೆ, ಕೆಳಗಿನ ಮನೆಯವರು ಎರಡು ಸಲ ಬಂದು ಬೈದಿದ್ದಾರೆ. ನನ್ನ ಮೂರೇಟು ಮುಗಿದ ಮೇಲೆ ಅವಳಿಗೆ ಒಬ್ಬ ಮೇಷ್ಟ್ರು ಬೇಕು. ಕೋಲಾರದ ಸುತ್ತಮುತ್ತ, ಹೆಣ್ಣುಮಕ್ಕಳಿಗೂ ಕಲಿಸೋ ತಮಟೆ ಮೇಷ್ಟ್ರು ಗೊತ್ತಿದ್ದರೆ ಇನ್‌ಬಾಕ್ಸಿಗೆ ಬರೀರಿ. ಫೀಜು ಕೊಡ್ತೀನಿ, ಕೇಳಿದಷ್ಟು.

ನಾಳೆ ಸೋಮವಾರ. ಊಟದ ಹೊತ್ತಿಗೆ ಪಕ್ಕದ ಟೇಬಲ್ಲಿನವರಿಗೆ ಹೇಳಬೇಕು ಅಂತಿದೀನಿ. "ರಕ್ತದಲ್ಲಿ ಬರೋದಿಲ್ಲ ಸಾರ್. ನಮ್ಮಪ್ಪ ನಾಲ್ಕು ವರ್ಷ ಪೆಟ್ಟು ತಿಂದು ಕಲಿತಿದ್ದರು. ನನಗೆ ಬರಲಿಲ್ಲ. ನೀವು ಕೂತರೆ ನಿಮಗೂ ಬರಬಹುದು."

ಜೈ ಭೀಮ್.